ತಂದೆಯ ಹೆಜ್ಜೆಯನ್ನು ಹಿಡಿದ ಮಗನು: ಬಿದನೂರಿಗೆ ಬಂದ ರಾಜಾರಾಮನ ಚರಿತ್ರೆ

ಸಾಗರ ಪಟ್ಟಣಕ್ಕೆ ಸಮೀಪವಾಗಿ ಕೆಳದಿ ಎಂಬ ಚಿಕ್ಕ ಗ್ರಾಮವಿದೆ. ಅಲ್ಲಿನ ವೀರಭದ್ರ ದೇವಾಲಯದ ಎದುರಿಗೆ ಎತ್ತರವಾದ ಕಲ್ಲಿನ ಧ್ವಜಸ್ತಂಭವು ನಿಂತಿದೆ. ಅದರಲ್ಲಿ ಕೆತ್ತಿರುವ ಆಕೃತಿಗಳಲ್ಲಿ ಒಂದನ್ನು ರಾಣಿ ಚೆನ್ನಮ್ಮಾಜಿಯದೆಂದೂ ಇನ್ನೊಂದನ್ನು ಶಿವಾಜಿಯ ಮಗನಾದ ರಾಜಾರಾಮನದೆಂದೂ ಊರವರು ಬಂದವರಿಗೆ ತೋರಿಸುತ್ತಾರೆ. ದೂರದ ಮರಾಠಾ ದೇಶದ ಅರಸುಮಗನಿಗೂ ನಮ್ಮ ಮಲೆನಾಡಿನ ಈ ಕಲ್ಲಿಗೂ ಏನು ಸಂಬಂಧವೆಂದು ಕೇಳುವವರು ಅನೇಕರು. ಆ ಸಂಬಂಧವನ್ನು ತಿಳಿಸುವುದಕ್ಕಾಗಿಯೇ ನಾವು ಈ ಚರಿತ್ರೆಯನ್ನು ಬರೆಯುತ್ತೇವೆ. ಇದರೊಂದಿಗೆ ಮನೆವಂದಿಗರೆಲ್ಲರೂ ಆಲೋಚಿಸತಕ್ಕ ಇನ್ನೊಂದು ಪ್ರಶ್ನೆಯೂ ಸೇರಿದೆ. ಅದು ಯಾವದಂದರೆ, ತಂದೆಯಾದವನು ತನ್ನ ಮಕ್ಕಳಿಗೆ ನಿಜವಾಗಿ ಬಿಟ್ಟುಹೋಗುವ ಆಸ್ತಿಯು ಯಾವದು? ಹೊಲ, ತೋಟ, ಮನೆಗಳು ಕೈಬಿಟ್ಟು ಹೋದ ಮೇಲೆಯೂ ಮಕ್ಕಳ ಕೈಯಲ್ಲಿ ಉಳಿಯುವದೇನು?

ರಾಜಾರಾಮನಿಗೆ ಹತ್ತೊಂಬತ್ತನೆಯ ವಯಸ್ಸಿನಲ್ಲಿ ತಂದೆಯ ಕೋಟೆಗಳೂ ಸೈನ್ಯವೂ ಬೊಕ್ಕಸವೂ ಒಂದೊಂದಾಗಿ ಕೈಬಿಟ್ಟವು. ಆಗ ಅವನಿಗೆ ಉಳಿದದ್ದು ತಂದೆಯು ನಡೆದು ತೋರಿಸಿದ ದಾರಿ ಮಾತ್ರವೇ. ಆ ದಾರಿಯು ಅವನನ್ನು ಈಗಿನ ಹೊಸನಗರ ತಾಲೂಕಿನಲ್ಲಿರುವ ಬಿದನೂರಿನ ಸೀಮೆಗೆ ತಂದಿತು.

ಮೊದಲು ತಂದೆಯ ವಿಷಯವನ್ನು ಸ್ವಲ್ಪ ಹೇಳಬೇಕು. ಶಿವಾಜಿಯ ಸಾಹಸಗಳನ್ನು ಕೇಳದವರಿಲ್ಲ. ಆದರೆ ಜನರು ಸಾಧಾರಣವಾಗಿ ಅವನ ಕತ್ತಿಯನ್ನು ನೆನಸುತ್ತಾರೆಯೇ ಹೊರತು, ಕತ್ತಿಯಿಂದ ಪ್ರಯೋಜನವಿಲ್ಲದ ವೇಳೆಯಲ್ಲಿ ಅವನು ಏನು ಮಾಡಿದನೆಂಬದನ್ನು ಅಷ್ಟಾಗಿ ಗಮನಿಸುವದಿಲ್ಲ. ೧೬೬೦ನೆಯ ಇಸವಿಯಲ್ಲಿ ಬಿಜಾಪುರದ ಸೈನ್ಯವು ಅವನನ್ನು ಪನ್ಹಾಳದ ಕೋಟೆಯಲ್ಲಿ ಮುತ್ತಿಕೊಂಡಿತು. ತಿಂಗಳುಗಳು ಕಳೆದವು, ಮಳೆಗಾಲವು ಬಂದರೂ ಮುತ್ತಿಗೆಯು ಸಡಿಲವಾಗಲಿಲ್ಲ. ಆಗ ಅವನು ಜುಲೈ ತಿಂಗಳ ಒಂದು ಮಳೆಯ ರಾತ್ರಿಯಲ್ಲಿ ಕೆಲವು ನೂರು ಮಂದಿಯೊಂದಿಗೆ ಕೋಟೆಯಿಂದ ಇಳಿದು ವಿಶಾಲಗಡಕ್ಕೆ ಹೊರಟನು. ಅವನ ರೂಪವನ್ನು ಹೋಲುತ್ತಿದ್ದ ಶಿವಾ ಕಾಶಿದನೆಂಬ ಕ್ಷೌರಿಕನು ಪಲ್ಲಕ್ಕಿಯಲ್ಲಿ ಕುಳಿತು ಶತ್ರುಗಳನ್ನು ಬೇರೆ ಕಡೆಗೆ ಎಳೆದು ತನ್ನ ಪ್ರಾಣವನ್ನು ಕೊಟ್ಟನೆಂದು ಮರಾಠರು ಇಂದಿಗೂ ನೆನಸುತ್ತಾರೆ. ಬಾಜಿ ಪ್ರಭುವೆಂಬ ಸರದಾರನು ಇಕ್ಕಟ್ಟಾದ ಕಣಿವೆಯೊಂದರಲ್ಲಿ ನಿಂತು, ಒಡೆಯನು ಕೋಟೆಯನ್ನು ಸೇರುವ ತನಕ ಶತ್ರುಗಳನ್ನು ತಡೆದು ಅಲ್ಲಿಯೇ ಬಿದ್ದನು.

ಇದಾಗಿ ಆರು ವರುಷಗಳ ಮೇಲೆ, ಅಂದರೆ ೧೬೬೬ರಲ್ಲಿ, ಅವನಿಗೆ ಇದಕ್ಕಿಂತ ದೊಡ್ಡ ಸಂಕಟವು ಬಂತು. ಹಿಂದಿನ ವರುಷ ಪುರಂದರದಲ್ಲಿ ಆದ ಒಪ್ಪಂದದ ಪ್ರಕಾರ ಇಪ್ಪತ್ತಮೂರು ಕೋಟೆಗಳನ್ನು ಮೊಗಲರಿಗೆ ಬಿಟ್ಟುಕೊಟ್ಟಿದ್ದ ಅವನು, ಒಂಬತ್ತು ವರುಷದ ಮಗನಾದ ಸಂಭಾಜಿಯನ್ನು ಸಂಗಡ ಕರಕೊಂಡು ಆಗ್ರಾದಲ್ಲಿದ್ದ ಔರಂಗಜೇಬ ಬಾದಶಹನ ಸಭೆಗೆ ಹೋದನು. ಅಲ್ಲಿ ತನ್ನನ್ನು ಕೆಳಗಿನ ಸಾಲಿನಲ್ಲಿ ನಿಲ್ಲಿಸಿದರೆಂದು ಸಿಟ್ಟುಗೊಂಡು ಮಾತಾಡಿದ್ದರಿಂದ ಅವನ ಬಿಡಾರದ ಸುತ್ತಲೂ ಕಾವಲು ಬಿತ್ತು. ದೇಶವು ನೂರಾರು ಹರದಾರಿ ದೂರ, ಸೈನ್ಯವಿಲ್ಲ, ಸಂಗಡ ಎಳೆಯ ಮಗನು. ಇಂಥ ಸ್ಥಿತಿಯಲ್ಲಿ ಅವನು ಅವಸರಪಡಲಿಲ್ಲ. ರೋಗಿಯಂತೆ ಹಾಸಿಗೆಯನ್ನು ಹಿಡಿದು, ದಾನಕ್ಕೆಂದು ದೊಡ್ಡ ಬುಟ್ಟಿಗಳಲ್ಲಿ ಮಿಠಾಯಿಯನ್ನು ದಿನದಿನವೂ ಹೊರಗೆ ಕಳುಹಿಸುವ ಪದ್ಧತಿಯನ್ನು ಹಾಕಿದನು. ಮೊದಮೊದಲು ಬುಟ್ಟಿಗಳನ್ನು ತೆರೆದು ನೋಡುತ್ತಿದ್ದ ಕಾವಲುಗಾರರು ಕ್ರಮೇಣ ಬೇಸತ್ತು ಸುಮ್ಮನೆ ಬಿಡತೊಡಗಿದರು. ಅಗೋಸ್ತು ತಿಂಗಳ ಒಂದು ಸಂಜೆ ತಂದೆಮಕ್ಕಳಿಬ್ಬರೂ ಆ ಬುಟ್ಟಿಗಳಲ್ಲಿಯೇ ಕುಳಿತು ಹೊರಗೆ ಹೋದರೆಂದು ಹೇಳುತ್ತಾರೆ. ಹಿರೋಜಿ ಎಂಬ ನಂಬಿಗಸ್ತನು ಒಡೆಯನ ಉಂಗುರವನ್ನು ತೊಟ್ಟು, ಕೈಯನ್ನು ಮಾತ್ರ ಕಾಣುವಂತೆ ಚಾಚಿ, ಹಾಸಿಗೆಯಲ್ಲಿ ಮಲಗಿಕೊಂಡನು. ಮಗನನ್ನು ಮಥುರೆಯಲ್ಲಿ ವಿಶ್ವಾಸದ ಕುಟುಂಬವೊಂದರಲ್ಲಿ ಬಿಟ್ಟು, ಶಿವಾಜಿಯು ಸನ್ಯಾಸಿಯ ವೇಷದಿಂದ ಸುತ್ತುದಾರಿ ಹಿಡಿದು ರಾಜಗಡವನ್ನು ಮುಟ್ಟಿದನು. ಮಗನು ಆಮೇಲೆ ಬಂದು ಸೇರಿದನು.

ಈ ಎರಡು ಪ್ರಸಂಗಗಳಲ್ಲಿ ಒಂದೇ ತರದ ಸಂಗತಿಗಳು ಕಾಣುತ್ತವೆ. ತಾನು ಹೋಗಬೇಕಾದ ವೇಳೆಯನ್ನು ಅವನು ತಿಳಿದಿದ್ದನು. ದೊರೆಯ ಉಡುಪನ್ನು ತೆಗೆದಿಟ್ಟು ಬಡವನ ಬಟ್ಟೆಯನ್ನು ಉಡುವದಕ್ಕೆ ನಾಚಲಿಲ್ಲ. ಅವನಿಗೋಸ್ಕರ ಹಿಂದೆ ಉಳಿಯುವದಕ್ಕೆ ಒಪ್ಪುವಷ್ಟು ಪ್ರೀತಿಸುವ ಜನರು ಅವನಿಗಿದ್ದರು. ಈ ಮೂರನ್ನು ನಾವು ಮನಸ್ಸಿನಲ್ಲಿಟ್ಟುಕೊಂಡು ಮಗನ ಚರಿತ್ರೆಗೆ ಬರೋಣ.

ರಾಜಾರಾಮನು ೧೬೭೦ನೆಯ ಇಸವಿ ಫೆಬ್ರವರಿ ತಿಂಗಳಲ್ಲಿ ರಾಜಗಡದಲ್ಲಿ ಹುಟ್ಟಿದನು. ತಾಯಿ ಸೋಯರಾಬಾಯಿ. ಆಗ್ರಾದಿಂದ ತಪ್ಪಿಸಿಕೊಂಡ ಸಾಹಸವು ಆಗಲೇ ನಾಲ್ಕು ವರುಷಗಳ ಹಿಂದಿನ ಕಥೆಯಾಗಿತ್ತು. ೧೬೮೦ನೆಯ ಎಪ್ರಿಲಿನಲ್ಲಿ ತಂದೆಯು ತೀರಿಹೋದಾಗ ಅವನಿಗೆ ಹತ್ತೇ ವರುಷ. ಕೆಲವು ಮಂತ್ರಿಗಳು ಆ ಹುಡುಗನನ್ನೇ ಪಟ್ಟದಲ್ಲಿ ಕೂರಿಸಿದರು. ಆದರೆ ಹಿರಿಯನಾದ ಸಂಭಾಜಿಯು ಕೆಲವು ವಾರಗಳೊಳಗೆ ಬಂದು ರಾಯಗಡವನ್ನು ವಶಮಾಡಿಕೊಂಡನು. ಮರುವರುಷ ತಾಯಿಯೂ ಸತ್ತಳು. ಅಲ್ಲಿಂದ ಮುಂದೆ ಒಂಬತ್ತು ವರುಷಗಳ ತನಕ ರಾಜಾರಾಮನು ರಾಯಗಡದಲ್ಲಿ ಕಾವಲಿನಲ್ಲಿಯೇ ಬೆಳೆದನು. ಅವನು ಕುದುರೆಯ ಮೇಲೆ ಕುಳಿತು ಯುದ್ಧಕ್ಕೆ ಹೋಗಲಿಲ್ಲ. ರಾಜ್ಯಕಾರ್ಯವನ್ನು ಕಲಿಯುವ ಸಂದರ್ಭವೂ ಬರಲಿಲ್ಲ. ಹೀಗೆ ಇಬ್ಬರು ಅಣ್ಣತಮ್ಮಂದಿರಲ್ಲಿ ಹಿರಿಯನು ತಂದೆಯ ಸಾಹಸದಲ್ಲಿ ತಾನೇ ಪಾಲುಗಾರನಾಗಿದ್ದನು. ಕಿರಿಯನಿಗಾದರೋ ಅದು ದೊಡ್ಡವರ ಬಾಯಿಂದ ಕೇಳಿದ ಸುದ್ದಿ ಮಾತ್ರವಾಗಿತ್ತು.

ಆದರೆ ಕಣ್ಣಾರೆ ಕಂಡವನಿಗೆ ಎಲ್ಲವೂ ಬರುತ್ತದೆ, ಕೇಳಿದವನಿಗೆ ಏನೂ ಬಾರದು ಎಂದು ಹೇಳಲಾಗದು. ಸಂಭಾಜಿಯು ಒಂಬತ್ತು ವರುಷ ಮೊಗಲರೊಡನೆ ಧೈರ್ಯದಿಂದ ಕಾದಿದನು. ಆದರೆ ೧೬೮೯ನೆಯ ಫೆಬ್ರವರಿಯ ಆರಂಭದಲ್ಲಿ ಸಂಗಮೇಶ್ವರದಲ್ಲಿ ಸ್ವಲ್ಪ ಪರಿವಾರದೊಂದಿಗೆ ತಂಗಿದ್ದಾಗ ಶತ್ರುಗಳು ಫಕ್ಕನೆ ಬಂದು ಅವನನ್ನು ಹಿಡಿದರು. ಕ್ರೂರವಾದ ಹಿಂಸೆಯನ್ನು ಸಹಿಸಿ ಮಾರ್ಚಿ ತಿಂಗಳಲ್ಲಿ ಅವನು ಪ್ರಾಣಬಿಟ್ಟನು. ಅವನ ಮರಣದ ಧೈರ್ಯವು ಮರಾಠರ ಎದೆಯನ್ನು ಉರಿಸಿತೆಂಬದು ನಿಜ. ಆದರೂ ತಂದೆಗಿದ್ದ ಎಚ್ಚರವು ಆ ಒಂದು ದಿನ ಅವನಿಗಿದ್ದಿದ್ದರೆ ಎಂದು ನಾವು ದುಃಖದಿಂದ ನೆನಸದೆ ಇರಲಾರೆವು.

ಈಗ ರಾಯಗಡದಲ್ಲಿ ಏನಾಯಿತೆಂದು ನೋಡೋಣ. ಬಿಜಾಪುರವು ೧೬೮೬ರಲ್ಲಿಯೂ ಗೋಲಕೊಂಡೆಯು ೧೬೮೭ರಲ್ಲಿಯೂ ಬಾದಶಹನ ಕೈಗೆ ಬಿದ್ದಿದ್ದವು. ಈಗ ಮರಾಠರ ದೊರೆಯೂ ಸೆರೆಯಾದನು. ಇತಿಕಾದ ಖಾನನ ಸೈನ್ಯವು ರಾಯಗಡದ ಬುಡಕ್ಕೆ ಬಂದು ನಿಂತಿತು. ಕೋಟೆಯೊಳಗೆ ಸಂಭಾಜಿಯ ಹೆಂಡತಿಯಾದ ಯೇಸುಬಾಯಿ, ಅವಳ ಏಳು ವರುಷವೂ ತುಂಬದ ಮಗನಾದ ಶಾಹು, ಮತ್ತು ಕಾವಲಿನಿಂದ ಹೊರಗೆ ತಂದ ರಾಜಾರಾಮ ಇವರಿದ್ದರು. ಪಟ್ಟವು ನ್ಯಾಯವಾಗಿ ತನ್ನ ಮಗನಿಗೆ ಬರಬೇಕೆಂದು ಯೇಸುಬಾಯಿಯು ಹಟಹಿಡಿದಿದ್ದರೆ ತಪ್ಪೆನ್ನುವವರಾರು? ಆದರೆ ಅವಳು ಹಾಗೆ ಮಾಡಲಿಲ್ಲ. ಎಲ್ಲರೂ ಒಂದೇ ಕೋಟೆಯಲ್ಲಿ ಉಳಿದರೆ ಎಲ್ಲರೂ ಒಂದೇ ದಿನ ಸಿಕ್ಕಿಬೀಳುವರೆಂದು ತಿಳಿದು, ರಾಜಾರಾಮನನ್ನು ಮುಖ್ಯಸ್ಥನನ್ನಾಗಿ ಒಪ್ಪಿ, ಅವನು ಹೊರಗೆ ಹೋಗಿ ರಾಜ್ಯವನ್ನು ಉಳಿಸಲೆಂದೂ ತಾನೂ ಮಗನೂ ಕೋಟೆಯಲ್ಲಿ ನಿಲ್ಲುವೆವೆಂದೂ ನಿಶ್ಚಯಿಸಿದಳು. ಎಪ್ರಿಲ್ ತಿಂಗಳ ಮೊದಲಲ್ಲಿ ರಾಜಾರಾಮನು ರಾಯಗಡದಿಂದ ಇಳಿದನು. ನವೆಂಬರಿನಲ್ಲಿ ಕೋಟೆಯು ಬಿದ್ದಾಗ ತಾಯಿಮಕ್ಕಳಿಬ್ಬರೂ ಸೆರೆಯಾದರು. ಶಾಹುವಿಗೆ ೧೭೦೭ರಲ್ಲಿ, ಅವನ ತಾಯಿಗೆ ೧೭೧೯ರಲ್ಲಿ ಬಿಡುಗಡೆಯಾಯಿತು. ಅಂದರೆ ಒಬ್ಬನು ತಪ್ಪಿಸಿಕೊಂಡ ದಾರಿಯ ಕ್ರಯವಾಗಿ ಒಬ್ಬ ತಾಯಿಯು ಮೂವತ್ತು ವರುಷಗಳನ್ನು ಕೊಟ್ಟಳು. ಸಾಹಸದ ಕಥೆಗಳನ್ನು ಹೇಳುವಾಗ ಇಂಥವರ ಹೆಸರುಗಳನ್ನು ಬಿಡುವದು ನ್ಯಾಯವಲ್ಲ.

ರಾಜಾರಾಮನು ಮೊದಲು ಪ್ರತಾಪಗಡಕ್ಕೂ ಅಲ್ಲಿಂದ ಪನ್ಹಾಳಕ್ಕೂ ಹೋದನು. ಮೊಗಲರು ಅಲ್ಲಿಗೂ ಬಂದು ಮುತ್ತಿದರು. ಇಪ್ಪತ್ತೊಂಬತ್ತು ವರುಷಗಳ ಹಿಂದೆ ತಂದೆಯು ಮಳೆಯ ರಾತ್ರಿಯಲ್ಲಿ ಇಳಿದುಹೋದ ಕೋಟೆಯು ಇದೇ. ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ಮಗನೂ ಅಲ್ಲಿಂದಲೇ ಇಳಿದನು. ಪ್ರಹ್ಲಾದ ನೀರಾಜಿ, ಖಂಡೋ ಬಲ್ಲಾಳ ಮೊದಲಾದ ಕೆಲವು ನಂಬಿಗಸ್ತರು ಮಾತ್ರ ಸಂಗಡ ಇದ್ದರು. ಅವರು ಲಿಂಗಾಯತ ಯಾತ್ರಿಕರ ವೇಷವನ್ನು ಧರಿಸಿದ್ದರೆಂದು ಹೇಳುತ್ತಾರೆ. ಈ ವೇಷವು ಬುದ್ಧಿಯಿಂದ ಆರಿಸಿದ್ದಾಗಿತ್ತು; ಯಾಕಂದರೆ ಅವರು ಹೋಗಬೇಕಾದ ದಾರಿಯಲ್ಲಿ ಜಂಗಮರೂ ಯಾತ್ರಿಕರೂ ತಿರುಗಾಡುವದು ದಿನನಿತ್ಯದ ನೋಟವಾಗಿತ್ತು. ಅವರ ಗುರಿಯು ತಮಿಳು ಸೀಮೆಯ ಜಿಂಜಿಯ ಕೋಟೆ. ಅದನ್ನು ಶಿವಾಜಿಯು ೧೬೭೭ರಲ್ಲಿ ಗೆದ್ದು, ಒಂದು ದಿನ ಬೇಕಾದೀತೆಂಬಂತೆ ಬಲಪಡಿಸಿ ಇಟ್ಟಿದ್ದನು. ತಂದೆಯು ಹನ್ನೆರಡು ವರುಷಗಳ ಹಿಂದೆ ಕಟ್ಟಿಟ್ಟ ಬುತ್ತಿಯು ಮಗನಿಗೆ ಈಗ ಒದಗಿತು.

ಬಾದಶಹನು ಸುಮ್ಮನಿರಲಿಲ್ಲ. ಎಲ್ಲಾ ದಾರಿಗಳಿಗೂ ಆಜ್ಞೆಗಳು ಹೋದವು. ಸಯ್ಯದ್ ಅಬ್ದುಲ್ಲಾ ಖಾನನ ಸವಾರರು ಹಗಲಿರುಳು ಬೆನ್ನಟ್ಟಿ ಬಂದು, ಬಿದನೂರು ಸೀಮೆಯ ಗಡಿಯಲ್ಲಿ ತುಂಗಭದ್ರೆಯ ನಡುಗಡ್ಡೆಯೊಂದರಲ್ಲಿ ತಂಗಿದ್ದ ಮರಾಠರ ಮೇಲೆ ಬಿದ್ದರು. ರಾಜಾರಾಮನ ಪಕ್ಷದವರು ಅನೇಕರು ಹಿಡಿಯಲ್ಪಟ್ಟು ಬಿಜಾಪುರದ ಸೆರೆಗೆ ಹೋದರು. ಅವನು ಮಾತ್ರ ಸ್ವಲ್ಪ ಜನರೊಡನೆ ತಪ್ಪಿಸಿಕೊಂಡು ಬಿದನೂರಿನ ಕಾಡನ್ನು ಹೊಕ್ಕನು. ಮಳೆಗಾಲವು ಇನ್ನೂ ಪೂರ್ತಿಯಾಗಿ ಮುಗಿಯದ ಆ ದಿನಗಳಲ್ಲಿ ತುಂಬಿದ ಹಳ್ಳಗಳನ್ನೂ ಇಂಬಳದ ಕಾಟವನ್ನೂ ಜಾರುವ ಇಳಿಜಾರುಗಳನ್ನೂ ನಮ್ಮ ಹೊಸನಗರ, ತೀರ್ಥಹಳ್ಳಿ ತಾಲೂಕುಗಳ ಓದುಗರಿಗೆ ವರ್ಣಿಸಿ ಹೇಳಬೇಕಾಗಿಲ್ಲ.

ಆಗ ಈ ಸೀಮೆಯನ್ನು ಆಳುತ್ತಿದ್ದವಳು ಕೆಳದಿಯ ಚೆನ್ನಮ್ಮಾಜಿ. ಅವಳ ಮನೆತನದ ಅರಸರು ಮೊದಲು ಕೆಳದಿಯಲ್ಲಿಯೂ ಆಮೇಲೆ ಇಕ್ಕೇರಿಯಲ್ಲಿಯೂ ಆಳಿ, ೧೬೩೭ರಲ್ಲಿ ಬಿಜಾಪುರದವರು ಇಕ್ಕೇರಿಯನ್ನು ಹಾಳುಮಾಡಿದ ತರುವಾಯ ಬೆಟ್ಟಕಾಡುಗಳ ಆಸರೆಯಿದ್ದ ಬಿದನೂರಿಗೆ ರಾಜಧಾನಿಯನ್ನು ತಂದರು. ಈ ಬಿದನೂರನ್ನೇ ಹೈದರಾಲಿಯು ೧೭೬೩ರಲ್ಲಿ ಗೆದ್ದು ಹೈದರನಗರವೆಂದು ಕರೆದನು. ಅದು ಈಗ ನಗರವೆಂಬ ಹೆಸರಿನಿಂದ ಇದೆ. ತೀರ್ಥಹಳ್ಳಿಯ ಕಡೆಯ ಕವಲೇದುರ್ಗವು ಆ ರಾಜ್ಯದ ಬಲವಾದ ಬೆಟ್ಟಗೋಟೆಯಾಗಿತ್ತು. ಚೆನ್ನಮ್ಮಾಜಿಯು ಅರಸುಮನೆಯಲ್ಲಿ ಹುಟ್ಟಿದವಳಲ್ಲ. ಸಿದ್ದಪ್ಪ ಶೆಟ್ಟಿಯೆಂಬ ವರ್ತಕನ ಮಗಳು. ಅವಳ ಗಂಡನಾದ ಸೋಮಶೇಖರ ನಾಯಕನು ಕೆಟ್ಟವರ ಸಹವಾಸಕ್ಕೆ ಸಿಕ್ಕಿ, ಕೊನೆಗೆ ೧೬೭೧ರಲ್ಲಿ ಕೊಲ್ಲಲ್ಪಟ್ಟನು. ಮಕ್ಕಳಿಲ್ಲದ ಆ ವಿಧವೆಯು ಬಸಪ್ಪನೆಂಬ ಹುಡುಗನನ್ನು ದತ್ತು ತಕ್ಕೊಂಡು, ಒಳಗಿನ ವೈರಿಗಳನ್ನೂ ಹೊರಗಿನ ದಂಡುಗಳನ್ನೂ ಎದುರಿಸಿ ಹದಿನೇಳು ಹದಿನೆಂಟು ವರುಷ ರಾಜ್ಯವನ್ನು ಹಿಡಿದು ನಿಲ್ಲಿಸಿದ್ದಳು. ಮನೆಯು ಒಡೆದ ಮೇಲೆ ಒಬ್ಬಂಟಿಯಾಗಿ ನಿಲ್ಲುವದು ಏನೆಂಬದು ಅವಳಿಗೆ ಅನುಭವದಿಂದ ಗೊತ್ತಿತ್ತು.

ಇಲ್ಲಿ ನಾವು ಒಂದು ಸಂಗತಿಯನ್ನು ಮರೆಮಾಡದೆ ಹೇಳಬೇಕು. ರಾಜಾರಾಮನ ತಂದೆಯು ಈ ರಾಜ್ಯಕ್ಕೆ ಉಪಕಾರವನ್ನೇ ಮಾಡಿದವನಾಗಿರಲಿಲ್ಲ. ೧೬೬೫ನೆಯ ಫೆಬ್ರವರಿಯಲ್ಲಿ ಶಿವಾಜಿಯು ಹಡಗುಗಳೊಂದಿಗೆ ಬಂದು ಕುಂದಾಪುರದ ಸಮೀಪದ ಬಸರೂರನ್ನು ಸೂರೆಮಾಡಿದ್ದನು. ಬಸರೂರು ಆಗ ಬಿದನೂರಿನ ಅರಸರ ಮುಖ್ಯವಾದ ರೇವು. ಕರಾವಳಿಯ ಅಕ್ಕಿಯು ಅಲ್ಲಿಂದ ಹಡಗೇರುತ್ತಿತ್ತು. ಆಗ ಆಳುತ್ತಿದ್ದವನು ಚೆನ್ನಮ್ಮಾಜಿಯ ಗಂಡನೇ. ವರ್ತಕನ ಮಗಳಾದ ಅವಳಿಗೆ ಅಂಗಡಿಗಳನ್ನು ಸುಲಿದರೆ ಮನೆಗಳಿಗೆ ಏನಾಗುವದೆಂಬದು ತಿಳಿಯದೆ ಇರಲಿಲ್ಲ. ಆದದರಿಂದ ಮಗನಿಗೆ ತಂದೆಯ ಸಾಹಸಗಳು ಮಾತ್ರವಲ್ಲ, ತಂದೆಯ ಸಾಲಗಳೂ ಬಾಧ್ಯವಾಗಿ ಬರುತ್ತವೆ. ಆಗ್ರಾದಲ್ಲಿ ಜಾಣತನದಿಂದ ಗೆದ್ದವನ ಮಗನು ಈಗ, ಬಸರೂರನ್ನು ಸುಲಿದವನ ಮಗನಾಗಿಯೇ ಈ ರಾಣಿಯ ಬಾಗಿಲಿಗೆ ಬರಬೇಕಾಯಿತು.

ರಾಣಿಯ ಮುಂದೆ ಇದ್ದ ಆಯ್ಕೆಯು ಸುಲಭವಾದದ್ದಲ್ಲ. ಎರಡು ದೊಡ್ಡ ಸುಲ್ತಾನರನ್ನು ಮೂರು ವರುಷದೊಳಗೆ ಮುಗಿಸಿದ ಬಾದಶಹನ ವೈರಿಯನ್ನು ಮನೆಯೊಳಗೆ ಇಟ್ಟುಕೊಂಡರೆ ತನ್ನ ಸಣ್ಣ ರಾಜ್ಯದ ಗತಿ ಏನಾಗುವದೆಂದು ಅವಳು ಬಲ್ಲಳು. ಅವನನ್ನು ಹಿಡಿದುಕೊಟ್ಟರೆ ಬಹುಮಾನ. ಸುಮ್ಮನೆ ಗಡಿಯಿಂದ ಓಡಿಸಿದರೂ ಯಾರೂ ದೂರುವಂತಿರಲಿಲ್ಲ. ಆದಾಗ್ಯೂ ಮೊರೆಹೊಕ್ಕವನನ್ನು ಬಿಟ್ಟುಕೊಡುವದು ತಮ್ಮ ಮನೆತನಕ್ಕೆ ತಕ್ಕದ್ದಲ್ಲವೆಂದು ಅವಳು ನಿರ್ಣಯಿಸಿದಳು. ಹಳೆಯ ಸೂರೆಯ ಲೆಕ್ಕವನ್ನು ಆ ದಿನ ತೆರೆಯಲಿಲ್ಲ. ಅವನಿಗೂ ಅವನವರಿಗೂ ಅನ್ನ, ಬಟ್ಟೆ, ಅಡಗಿರಲು ಸ್ಥಳ, ಮುಂದಕ್ಕೆ ಹೋಗಲು ದಾರಿ ಬಲ್ಲ ಜನ ಇವುಗಳನ್ನು ಕೊಟ್ಟು, ತನ್ನ ಸೀಮೆಯನ್ನು ಗುಪ್ತವಾಗಿ ದಾಟಿಸಿದಳು. ಲಿಂಗಣ್ಣ ಕವಿಯು ಕೆಳದಿನೃಪವಿಜಯದಲ್ಲಿ ಈ ಸಂಗತಿಯನ್ನು ಅವಳ ಕೀರ್ತಿಯಾಗಿ ಬರೆದಿಟ್ಟಿದ್ದಾನೆ.

ಇದರ ಫಲವನ್ನು ಅವಳು ಬೇಗನೆ ಉಣ್ಣಬೇಕಾಯಿತು. ಬಾದಶಹನು ಜಾನ್ ನಿಸಾರ ಖಾನನನ್ನು ದಂಡಿನೊಂದಿಗೆ ಬಿದನೂರಿನ ಮೇಲೆ ಕಳುಹಿಸಿದನು. ಮಲೆನಾಡಿನ ಕಣಿವೆಗಳಲ್ಲಿ ಕಾದಾಟವು ನಡೆಯಿತು. ಕನ್ನಡದ ಕಥನವು ಜಯವನ್ನು ರಾಣಿಗೆ ಕೊಡುತ್ತದೆ. ಮೊಗಲರ ಬರಹಗಳು ಅವಳು ದಂಡವನ್ನು ತೆತ್ತಳೆಂದು ಹೇಳುತ್ತವೆ. ಹೇಗಾದರೂ ಯುದ್ಧವು ಒಪ್ಪಂದದಲ್ಲಿ ಮುಗಿಯಿತು, ರಾಜ್ಯವು ಉಳಿಯಿತು, ಅತಿಥಿಯು ಶತ್ರುಗಳ ಕೈಗೆ ಸಿಕ್ಕಲಿಲ್ಲ. ಬಿಜಾಪುರ, ಗೋಲಕೊಂಡೆಗಳ ಸಿಂಹಾಸನಗಳು ಹೋದ ಕಾಲದಲ್ಲಿ ಬಿದನೂರಿನ ರಾಣಿಯ ಮನೆಯು ಇನ್ನೂ ಎಪ್ಪತ್ತು ವರುಷಕ್ಕಿಂತ ಹೆಚ್ಚು ಕಾಲ ಬಾಳಿತು.

ರಾಜಾರಾಮನ ಮುಂದಣ ದಾರಿಯಲ್ಲಿಯೂ ತಂದೆಯ ಕಥೆಯೇ ಮತ್ತೊಮ್ಮೆ ನಡೆದಂತೆ ಕಾಣುತ್ತದೆ. ಬೆಂಗಳೂರಿನಲ್ಲಿ ಆ ಯಾತ್ರಿಕರು ತಂಗಿದಾಗ, ಒಬ್ಬ ಯಾತ್ರಿಕನ ಕಾಲುಗಳನ್ನು ಬೇರೆಯವರು ಭಕ್ತಿಯಿಂದ ತೊಳೆಯುವದನ್ನು ಕಂಡು ಜನರಿಗೆ ಸಂಶಯ ಹುಟ್ಟಿತೆಂದು ಮರಾಠಿ ಬಖರುಗಳು ಹೇಳುತ್ತವೆ. ವೇಷವನ್ನು ಬದಲಾಯಿಸುವದು ಸುಲಭ. ಸೇವಕರ ರೂಢಿಯನ್ನು ಬದಲಾಯಿಸುವದು ಕಷ್ಟ. ಸುಳಿವು ಹೋಗುತ್ತಲೇ ಒಡೆಯನು ಬೇರೆ ದಾರಿಯಿಂದ ಹೊರಟುಹೋದನು. ಖಂಡೋ ಬಲ್ಲಾಳನು ಮಾತ್ರ ಕೆಲವರೊಂದಿಗೆ ಹಿಂದೆ ಉಳಿದು, ಹಿಡಿಯಲ್ಪಟ್ಟು, ಹೊಡೆತಗಳನ್ನು ತಿಂದರೂ ಬಡ ಯಾತ್ರಿಕನೆಂಬ ಮಾತನ್ನು ಬಿಡಲಿಲ್ಲವಂತೆ. ಪನ್ಹಾಳದಲ್ಲಿ ಶಿವಾ ಕಾಶಿದನೂ ಆಗ್ರಾದಲ್ಲಿ ಹಿರೋಜಿಯೂ ಮಾಡಿದ ಕೆಲಸವನ್ನು ಇಲ್ಲಿ ಇವನು ಮಾಡಿದನು. ಅದೂ ಅಲ್ಲದೆ, ಬೆಂಗಳೂರು ಒಂದು ಕಾಲದಲ್ಲಿ ರಾಜಾರಾಮನ ಅಜ್ಜನಾದ ಷಹಾಜಿಯ ಜಹಗೀರಾಗಿತ್ತು. ಆ ಅಜ್ಜನು ೧೬೬೪ರಲ್ಲಿ ಬೇಟೆಯಲ್ಲಿ ಕುದುರೆಯಿಂದ ಬಿದ್ದು ಸತ್ತದ್ದು ಚನ್ನಗಿರಿಯ ಕಡೆಯ ಹೊದಿಗೆರೆಯಲ್ಲಿ. ಅವನ ಸಮಾಧಿಯು ಇಂದಿಗೂ ಅಲ್ಲಿದೆ. ಅಜ್ಜನು ದೊರೆಯಾಗಿ ಆಳಿದ ಊರಿನಲ್ಲಿ ಮೊಮ್ಮಗನು ಅಪರಿಚಿತನಂತೆ ಮುಖಮುಚ್ಚಿ ನಡೆದನು.

ಅವನು ಜಿಂಜಿಯನ್ನು ಸೇರಿದ ಮೇಲೆ, ರಾಯಗಡವನ್ನು ಗೆದ್ದು ಜುಲ್ಫಿಕಾರ ಖಾನನೆಂಬ ಬಿರುದನ್ನು ಪಡೆದಿದ್ದ ಅದೇ ಇತಿಕಾದ ಖಾನನು ೧೬೯೦ರಲ್ಲಿ ಬಂದು ಆ ಕೋಟೆಯನ್ನೂ ಮುತ್ತಿದನು. ಆ ಮುತ್ತಿಗೆಯು ೧೬೯೮ರ ತನಕ ಎಳೆಯಿತು. ಈ ವರುಷಗಳಲ್ಲಿ ಬಾದಶಹನ ಹಣವೂ ಸೈನ್ಯವೂ ದೂರದ ತಮಿಳು ಸೀಮೆಯಲ್ಲಿ ಸವೆಯುತ್ತಿರಲಾಗಿ, ಮರಾಠಾ ದೇಶಕ್ಕೆ ಉಸಿರಾಡುವ ಅವಕಾಶವು ಸಿಕ್ಕಿತು. ಸಂತಾಜಿ ಘೋರ್ಪಡೆ, ಧನಾಜಿ ಜಾಧವ ಎಂಬ ಸೇನಾಪತಿಗಳು ಎಲ್ಲೆಲ್ಲಿಯೂ ಮೊಗಲರ ದಂಡುಗಳನ್ನು ಹೊಡೆದರು. ಸಂತಾಜಿಯು ೧೬೯೫ರಲ್ಲಿ ಚಿತ್ರದುರ್ಗದ ಸೀಮೆಯ ದೊಡ್ಡೇರಿಯಲ್ಲಿ ಕಾಸಿಂ ಖಾನನ ಸೈನ್ಯವನ್ನು ಮುರಿದದ್ದೂ, ಮುಂದಿನ ವರುಷದ ಆರಂಭದಲ್ಲಿ ಬಸವಾಪಟ್ಟಣದ ಬಳಿ ಹಿಮ್ಮತ ಖಾನನನ್ನು ಸೋಲಿಸಿದ್ದೂ ನಮ್ಮ ನೆರೆಯಲ್ಲಿಯೇ ನಡೆದ ಕಾರ್ಯಗಳು.

ರಾಜಾರಾಮನು ತಾನೇ ದೊಡ್ಡ ಸೇನಾನಿಯಾಗಿರಲಿಲ್ಲ. ಇದನ್ನು ಅವನು ಬಲ್ಲವನಾಗಿದ್ದು, ಬಲ್ಲವರ ಕೈಗೆ ಕೆಲಸವನ್ನು ಕೊಟ್ಟದ್ದೇ ಅವನ ದೊಡ್ಡ ಗುಣವೆಂದು ನಾವು ಎಣಿಸುತ್ತೇವೆ. ಆದರೂ ಅವನಲ್ಲಿ ಕೊರತೆಗಳಿದ್ದವು. ತಂದೆಯು ಸರದಾರರಿಗೆ ಭೂಮಿಯನ್ನು ಹಂಚದೆ ಸಂಬಳವನ್ನೇ ಕೊಡಬೇಕೆಂದು ಬಿಗಿಯಾಗಿ ನಡಿಸಿದ್ದನು. ಮಗನಿಗೆ ಬೊಕ್ಕಸವಿರಲಿಲ್ಲ. ಆದದರಿಂದ ಜನರನ್ನು ಹಿಡಿದಿಟ್ಟುಕೊಳ್ಳುವದಕ್ಕಾಗಿ ವತನುಗಳನ್ನೂ ಜಹಗೀರುಗಳನ್ನೂ ಉದಾರವಾಗಿ ಬರೆದುಕೊಟ್ಟನು. ಆ ದಿನದ ಕಷ್ಟವು ಅದರಿಂದ ತೀರಿತು. ಮುಂದಿನ ತಲೆಗಳಿಗೆ ಸರದಾರರ ಹಟವೂ ಜಗಳವೂ ಉಳಿದವು. ಸಂತಾಜಿ ಧನಾಜಿಯರ ಮತ್ಸರವನ್ನು ಅಡಗಿಸುವದಕ್ಕೂ ಅವನಿಂದಾಗಲಿಲ್ಲ. ೧೬೯೭ರಲ್ಲಿ ಸಂತಾಜಿಯು ಶತ್ರುಗಳ ಯುದ್ಧದಲ್ಲಲ್ಲ, ಒಳಜಗಳದ ದೆಸೆಯಿಂದ ಕೊಲ್ಲಲ್ಪಟ್ಟನು. ತಂದೆಯ ದಾರಿಯಲ್ಲಿ ನಡೆಯುವವನಿಗೆ ಕೂಡ ಅದನ್ನು ಕೊನೆಯ ತನಕ ಹಿಡಿಯುವದು ಕಷ್ಟವೆಂದು ಇದರಿಂದ ಕಾಣುತ್ತದೆ.

ಜಿಂಜಿಯು ಬೀಳುವ ಮುಂಚೆ ಅವನು ಅಲ್ಲಿಂದಲೂ ತಪ್ಪಿಸಿಕೊಂಡು, ವೇಲೂರಿನ ಮಾರ್ಗವಾಗಿ ೧೬೯೮ರಲ್ಲಿ ವಿಶಾಲಗಡವನ್ನು ಸೇರಿದನು. ಪನ್ಹಾಳದಿಂದ ಇಳಿದ ತಂದೆಯು ಒಂದು ರಾತ್ರಿ ಒಂದು ಹಗಲಿನಲ್ಲಿ ಮುಟ್ಟಿದ ಆ ಕೋಟೆಯನ್ನು, ಅದೇ ಪನ್ಹಾಳದಿಂದ ಇಳಿದ ಮಗನು ಎಂಟು ವರುಷಗಳಿಗಿಂತ ಹೆಚ್ಚು ಸುತ್ತಿ ಬಂದು ಮುಟ್ಟಿದನು. ಇದಾಗಿ ಸುಮಾರು ಎರಡು ವರುಷಗಳ ಮೇಲೆ, ೧೭೦೦ನೆಯ ಮಾರ್ಚಿ ತಿಂಗಳ ಆರಂಭದಲ್ಲಿ, ಸಿಂಹಗಡದಲ್ಲಿ ರೋಗದಿಂದ ತೀರಿಹೋದನು. ಆಗ ಅವನಿಗೆ ಮೂವತ್ತು ವರುಷ. ಅವನ ಹೆಂಡತಿಯಾದ ತಾರಾಬಾಯಿಯು ಯುದ್ಧವನ್ನು ಮುಂದುವರಿಸಿದಳು. ೧೭೦೭ರಲ್ಲಿ ಔರಂಗಜೇಬನು ದಖ್ಖಣದಲ್ಲಿಯೇ ಸತ್ತನು. ಮರಾಠರನ್ನು ಮುಗಿಸಬೇಕೆಂದು ಬಂದ ಕಾರ್ಯವು ಮುಗಿಯಲಿಲ್ಲ. ಚೆನ್ನಮ್ಮಾಜಿಯು ಅದಕ್ಕೂ ಸುಮಾರು ಹತ್ತು ವರುಷ ಮುಂಚೆ ಬಿದನೂರಿನಲ್ಲಿ ಕಾಲವಾಗಿದ್ದಳು.

ಈ ಚರಿತ್ರೆಯಿಂದ ನಮ್ಮ ಹಳ್ಳಿಯ ಮನೆಗಳಿಗೆ ಕಲಿಯತಕ್ಕದ್ದೇನು? ಕೋಟೆಯಿಂದ ಇಳಿಯುವದೂ ಬುಟ್ಟಿಯಲ್ಲಿ ಕೂರುವದೂ ನಮ್ಮಲ್ಲಿ ಯಾರಿಗೂ ಬರಲಾರದು. ಆದರೆ ಇದ್ದ ನೆಲೆಯನ್ನು ಬಿಟ್ಟು ಏಳಬೇಕಾದ ದಿನವು ಎಷ್ಟೋ ಮನೆಗಳಿಗೆ ಬರುತ್ತದೆ. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯ ನೀರು ಏರಿದಾಗ, ಸಾಗರ ಹೊಸನಗರ ಸೀಮೆಗಳ ಎಷ್ಟೋ ಕುಟುಂಬಗಳು ತಲೆಮಾರುಗಳಿಂದ ಸಾಕಿದ ತೋಟಗದ್ದೆಗಳನ್ನು ಬಿಟ್ಟು ಬೇರೆ ಕಡೆಗೆ ಹೋದವು. ಅಂಥ ದಿನದಲ್ಲಿ ಮಕ್ಕಳು ತಂದೆತಾಯಿಗಳ ಮುಖವನ್ನು ನೋಡುತ್ತಾರೆ. ತಂದೆಯು ಎದೆಗುಂದದೆ, ಬೇಕಾದದ್ದನ್ನು ಮುಂಚಿತವಾಗಿ ಸಿದ್ಧಮಾಡಿ, ಹೊಸ ಸ್ಥಳದಲ್ಲಿ ಕೂಲಿಯ ಕೆಲಸಕ್ಕೂ ನಾಚದೆ ಕೈಹಾಕುವದನ್ನು ಕಂಡ ಮಗನು, ತನ್ನ ಕಾಲಕ್ಕೆ ಬೇರೆ ತರದ ಕಷ್ಟವು ಬಂದಾಗ ಅದನ್ನೇ ನೆನಸಿಕೊಳ್ಳುವನು. ಬಾಯಿಂದ ಹೇಳಿದ ಬುದ್ಧಿಯು ಮರೆತುಹೋಗಬಹುದು. ಕಷ್ಟದ ದಿನದಲ್ಲಿ ನಡೆದುಕೊಂಡ ರೀತಿಯು ಮರೆಯುವದಿಲ್ಲ.

ಎರಡನೆಯದಾಗಿ, ಸಾಹಸವೆಂದರೆ ಹಿಂದುಮುಂದು ನೋಡದೆ ಹಾರುವದಲ್ಲ. ತಂದೆಯು ಬುಟ್ಟಿಯಲ್ಲಿ ಕುಳಿತದ್ದು ಒಂದು ಸಂಜೆಯ ಕೆಲಸ. ಕಾವಲುಗಾರರು ಬೇಸರಗೊಳ್ಳುವ ತನಕ ಬುಟ್ಟಿಗಳನ್ನು ಕಳುಹಿಸಿದ್ದು ಅನೇಕ ದಿನಗಳ ತಾಳ್ಮೆ. ಮಗನು ಜಿಂಜಿಯಲ್ಲಿ ಬದುಕಿದ್ದು ತಂದೆಯ ಮುಂದಾಲೋಚನೆಯಿಂದ. ನಮ್ಮ ಹುಡುಗರು ಕಥೆಯ ಹಾರಾಟವನ್ನು ಮಾತ್ರ ಹಿಡಿಯದೆ ಅದರ ಹಿಂದಿನ ತಾಳ್ಮೆಯನ್ನೂ ಕಲಿಯುವಂತೆ ಹಿರಿಯರು ಹೇಳಿಕೊಡಬೇಕು.

ಮೂರನೆಯದಾಗಿ, ತಂದೆಯ ಒಳ್ಳೇದೂ ಕೆಟ್ಟದ್ದೂ ಎರಡೂ ಮಕ್ಕಳ ಹಿಂದೆ ಬರುತ್ತವೆ. ನಾವು ಇಂದು ಯಾವ ಮನೆಯ ಅಂಗಳದಲ್ಲಿ ಅನ್ಯಾಯ ಮಾಡುತ್ತೇವೋ ಆ ಮನೆಯ ಬಾಗಿಲಿಗೇ ನಾಳೆ ನಮ್ಮ ಮಗನು ಮಳೆಯಲ್ಲಿ ತೊಯ್ದು ಬಂದು ನಿಲ್ಲಬಹುದು. ಆಗ ಅಲ್ಲಿ ಚೆನ್ನಮ್ಮಾಜಿಯಂಥವರು ಇದ್ದರೆ ಅವನ ಪುಣ್ಯ. ಆದರೆ ಅದನ್ನು ನಂಬಿ ಅನ್ಯಾಯಮಾಡುವವನು ಮೂಢನು.

ಕೊನೆಯದಾಗಿ, ಯಾವನೂ ಒಂಟಿಯಾಗಿ ತಪ್ಪಿಸಿಕೊಳ್ಳುವದಿಲ್ಲ. ಹಾಸಿಗೆಯಲ್ಲಿ ಮಲಗಿದ ಹಿರೋಜಿ, ಕೋಟೆಯಲ್ಲಿ ಉಳಿದ ಯೇಸುಬಾಯಿ, ನಡುಗಡ್ಡೆಯಲ್ಲಿ ಸೆರೆಯಾದ ಹೆಸರಿಲ್ಲದ ಆಳುಗಳು, ಕಾಡಿನ ದಾರಿ ತೋರಿಸಿದ ಮಲೆನಾಡಿನ ಜನರು, ದಂಡನ್ನು ಮೈಮೇಲೆ ತಂದುಕೊಂಡ ರಾಣಿ, ಇವರೆಲ್ಲರೂ ಸೇರಿ ಒಬ್ಬನನ್ನು ಉಳಿಸಿದರು. ತಂದೆಯ ಸಾಹಸವನ್ನು ಮಕ್ಕಳಿಗೆ ಹೇಳುವಾಗ ಅವನ ಸಂಗಡ ನಿಂತವರ ಕಥೆಯನ್ನೂ ಹೇಳೋಣ. ಓದುಗರು ಇನ್ನೊಂದು ಸಾರಿ ಕೆಳದಿಗೆ ಹೋದಾಗ ಮಕ್ಕಳನ್ನು ಸಂಗಡ ಕರಕೊಂಡು ಆ ಕಂಬದ ಮುಂದೆ ಸ್ವಲ್ಪ ಹೊತ್ತು ನಿಲ್ಲಲಿ. ಓಡಿಬಂದವನ ಆಕೃತಿಯನ್ನೂ ಬಾಗಿಲು ತೆರೆದವಳ ಆಕೃತಿಯನ್ನೂ ಒಂದೇ ಕಲ್ಲಿನಲ್ಲಿ ಸೇರಿಸಿ ತೋರಿಸುವ ನಮ್ಮ ಹಿರಿಯರು ಈ ಮಾತನ್ನು ನಮಗಿಂತ ಮುಂಚೆಯೇ ಅರಿತಿದ್ದರು.